ಒಂದೇ ಮನೆ, ಮೂರು ಲಿಪಿ

ಕೆಲವು ತಿಂಗಳ ಹಿಂದೆ ಅರಸೀಕೆರೆಯ ತರುಣನೊಬ್ಬ ಹಳೆಯ ಕಾಗದಗಳ ಕಟ್ಟೊಂದನ್ನು ಹಿಡಿದು ನಮ್ಮಲ್ಲಿಗೆ ಬಂದಿದ್ದ. ಕೊಬ್ಬರಿ ವ್ಯಾಪಾರಿಯಾಗಿದ್ದ ಅವನ ಅಜ್ಜ ಉರ್ದುವಿನಲ್ಲಿ ಬರೆದಿಟ್ಟ ಕಾಗದಗಳವು. “ಹಜ್ರತ್, ದಾದಾ ಏನು ಬರೆದಿದ್ದಾರೆ, ಸ್ವಲ್ಪ ಓದಿ ಹೇಳಿ” ಎಂದ. ಲೆಕ್ಕಗಳ ನಡುವೆ ಒಂದು ವಸಿಯ್ಯತ್ ಇತ್ತು: ಹಳೇಬೀಡಿನ ಒಬ್ಬರಿಗೆ ಇಂತಿಷ್ಟು ಸಾಲ ಬಾಕಿ ಇದೆ, ತಾನು ತೀರಿಸದೆ ಹೋದರೆ ಮಕ್ಕಳು ತೀರಿಸಬೇಕು. ಅಜ್ಜ ತೀರಿಕೊಂಡು ಹದಿನೆಂಟು ವರ್ಷಗಳಾಗಿದ್ದವು. ಕಾಗದ ಮನೆಯ ಟ್ರಂಕಿನಲ್ಲೇ ಇತ್ತು. ಅದನ್ನು ಓದಬಲ್ಲವರು ಮನೆಯಲ್ಲಿರಲಿಲ್ಲ.

ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತವು (2:282) ಸಾಲದ ವ್ಯವಹಾರವನ್ನು ಬರೆದಿಡುವ ಕುರಿತಾದದ್ದು. ಅಜ್ಜ ಆ ಆಜ್ಞೆಯನ್ನು ಪಾಲಿಸಿದ್ದರು. ಆದರೆ ವಾರಸುದಾರರು ಓದಲಾರದ ಬರಹವು ಬರೆಯದೆ ಇದ್ದುದಕ್ಕೆ ಸಮಾನವಾಗಿಬಿಟ್ಟಿತು.

ಇದು ಒಂದು ಮನೆಯ ಕಥೆಯಲ್ಲ. ನಮ್ಮ ಹಿರಿಯರು ಉರ್ದುವಿನಲ್ಲಿ ಬರೆದರು. ನಾವು ಸರಕಾರಿ ಶಾಲೆಯಲ್ಲಿ ಕನ್ನಡ ಕಲಿತೆವು. 1978ರಲ್ಲಿ ಮಂಗಳೂರಿನಲ್ಲಿ ಆರಂಭವಾದ ‘ಸನ್ಮಾರ್ಗ’ದಂತಹ ವಾರಪತ್ರಿಕೆಗಳಿಂದ ಧರ್ಮವನ್ನೂ ಕನ್ನಡದಲ್ಲೇ ಓದಿದೆವು. ನಮ್ಮ ಮಕ್ಕಳು ಮನೆಮಾತನ್ನೂ ಕನ್ನಡವನ್ನೂ ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಾರೆ. ಒಂದೇ ದಸ್ತರ್‌ಖಾನಿನ ಸುತ್ತ ಕುಳಿತು ಉಣ್ಣುವವರು ಒಬ್ಬರು ಬರೆದುದನ್ನು ಮತ್ತೊಬ್ಬರು ಓದಲಾರರು.

ಮಕ್ಕಳು ಓದುವುದಿಲ್ಲವೆಂದು ನಾವು ಜುಮಾ ದಿನವೂ ದೂರುತ್ತೇವೆ. ಆ ದೂರು ಅರ್ಧ ಸತ್ಯ. ನಾವು ಆ ವಯಸ್ಸಿನಲ್ಲಿ ವರ್ಷಕ್ಕೆ ನಾಲ್ಕು ಪತ್ರ ಬರೆದಿದ್ದರೆ ಹೆಚ್ಚು. ಅವರು ದಿನವಿಡೀ ಬರೆಯುತ್ತಾರೆ. ಇನ್ನು ಹಿರಿಯರಾದ ನಾವೋ, ಬಂದ ಸಂದೇಶವನ್ನು ಓದದೆ ಮುಂದಕ್ಕೆ ಕಳುಹಿಸುತ್ತೇವೆ. ಸುದ್ದಿಯನ್ನು ಪರಿಶೀಲಿಸಿರೆಂಬ ಸೂರಃ ಅಲ್‌ಹುಜುರಾತ್‌ನ ಆದೇಶ ಕಿರಿಯರಿಗಷ್ಟೇ ಅನ್ವಯಿಸುವುದೇ?

ಬದ್ರ್ ಯುದ್ಧದ ಕೈದಿಗಳಲ್ಲಿ ಅಕ್ಷರ ಬಲ್ಲವರಿಗೆ ತಲಾ ಹತ್ತು ಮಕ್ಕಳಿಗೆ ಓದುಬರಹ ಕಲಿಸುವುದನ್ನೇ ಬಿಡುಗಡೆಯ ಹಣವಾಗಿ ಪ್ರವಾದಿವರ್ಯರು(ಸ) ನಿಗದಿಪಡಿಸಿದರೆಂದು ಸೀರತ್ ಗ್ರಂಥಗಳು ಹೇಳುತ್ತವೆ. ಶತ್ರುವಿನಿಂದಲೂ ಅಕ್ಷರ ಕಲಿತ ಸಮುದಾಯಕ್ಕೆ ಸ್ವಂತ ಅಜ್ಜನಿಂದ, ಸ್ವಂತ ಮೊಮ್ಮಗನಿಂದ ಕಲಿಯಲು ಸಂಕೋಚವೇಕೆ?

ಕನ್ನಡ ನಮಗೆ ಹೊರಗಿನದಲ್ಲ. ಸುಮಾರು ಕ್ರಿ.ಶ. 450ರದೆಂದು ವಿದ್ವಾಂಸರು ಹೇಳುವ ಕನ್ನಡ ಶಾಸನ ದೊರೆತ ಹಲ್ಮಿಡಿ, ನಮ್ಮ ಬೇಲೂರು ತಾಲ್ಲೂಕಿನ ಊರು. ಆ ಕಲ್ಲು ಶತಮಾನಗಳ ಕಾಲ ಊರಿನಲ್ಲೇ ಇತ್ತು. ಓದಬಲ್ಲವರು ಬಂದ ಮೇಲೆಯೇ ಅದು ಮಾತನಾಡಿತು. ನಮ್ಮದೇ ಹಾಸನದ ಬಾನು ಮುಷ್ತಾಕ್ ಅವರು ಕನ್ನಡದಲ್ಲಿ ಬರೆದ ಕಥೆಗಳು 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿಯವರೆಗೆ ಹೋದವು. ಉರ್ದುವನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ಮದರಸಾದಲ್ಲಿ ಅದನ್ನು ಕಲಿಸುವವರೇ ನಾವು. ಆದರೆ ಮೂರು ತಲೆಮಾರುಗಳು ಕೂಡುವ ಅಂಗಳವಾಗಿ ಕನ್ನಡ ಲಿಪಿಯೊಂದು ಪ್ರತಿ ಮನೆಯಲ್ಲೂ ಉಳಿಯಬೇಕು.

ಆದುದರಿಂದ ಮನೆಗೊಂದು ನೋಟ್‌ಬುಕ್ ಇರಲಿ. ವಾರಕ್ಕೊಮ್ಮೆ, ಇಶಾ ನಮಾಝಿನ ಬಳಿಕ, ಅಜ್ಜ-ಅಜ್ಜಿ ಹೇಳಲಿ, ಮೊಮ್ಮಕ್ಕಳು ಕನ್ನಡದಲ್ಲಿ ಬರೆಯಲಿ, ತಂದೆ-ತಾಯಿ ಓದಿ ತಿದ್ದಲಿ. ಕೊಡಬೇಕಾದ ಸಾಲ, ಇಟ್ಟುಕೊಂಡ ಅಮಾನತು, ಕಳೆದುಹೋದ ಬಂಧುಗಳ ಊರು, ಎಲ್ಲವೂ ಅದರಲ್ಲಿರಲಿ.

ಆ ತರುಣ ತನ್ನ ತಂದೆಯೊಂದಿಗೆ ಹಳೇಬೀಡಿಗೆ ಹೋದ. ಸಾಲ ಕೊಟ್ಟವರೂ ಇರಲಿಲ್ಲ. ಅವರ ಮಗನ ಕೈಗೆ ಹಣ ಒಪ್ಪಿಸಿ ಬಂದರು. ಟ್ರಂಕಿನಲ್ಲಿ ಇನ್ನೆಷ್ಟು ಮನೆಗಳ ಸಾಲಗಳು ಹೀಗೆ ಕಾದು ಕುಳಿತಿವೆಯೋ, ಅಲ್ಲಾಹನೇ ಬಲ್ಲ.