ಬೆಳಕು ಕಂಪಿಸುವ ದಿಕ್ಕು

ಬೇಸಗೆಯ ಹಗಲು ಹಿಂದೂಪುರದಿಂದ ಕಲ್ಯಾಣದುರ್ಗದ ಕಡೆಗೆ ಪಯಣಿಸುವಾಗ ರಸ್ತೆಯ ಡಾಂಬರೂ ಕೆರೆಯ ನೀರೂ ನಮ್ಮ ಕಣ್ಣನ್ನು ಕೋರೈಸುತ್ತವೆ. ಪೋಲರಾಯ್ಡ್ ಕನ್ನಡಕ ಧರಿಸಿದರೆ ಆ ಪ್ರಖರತೆ ಬಹುಮಟ್ಟಿಗೆ ಅಡಗುತ್ತದೆ. ಬೆಳಕು ಒಂದು ತರಂಗ. ತಾನು ಸಾಗುವ ದಾರಿಗೆ ಅಡ್ಡಲಾಗಿ ಅದು ಕಂಪಿಸುತ್ತದೆ. ನೇರ ಬಿಸಿಲಿನಲ್ಲಿ ಈ ಕಂಪನ ಎಲ್ಲ ದಿಕ್ಕುಗಳಲ್ಲಿಯೂ ಇರುತ್ತದೆ. ನೆಲದಿಂದ ಓರೆಯಾಗಿ ಪ್ರತಿಫಲಿಸಿದ ಬೆಳಕಿನಲ್ಲಾದರೋ ನೆಲಕ್ಕೆ ಸಮಾಂತರವಾದ ಕಂಪನವೇ ಹೆಚ್ಚು. ಕನ್ನಡಕ ಅದನ್ನು ತಡೆಯುತ್ತದೆ. ಕಂಪನ ಹೀಗೆ ಒಂದು ದಿಕ್ಕಿಗೆ ಒಳಪಡುವುದನ್ನು ಧ್ರುವೀಕರಣ ಎನ್ನುತ್ತೇವೆ.

ಗಣಕಯಂತ್ರದ ಚಿಪ್‌ಗಳ ತಯಾರಿಕೆಗೂ ಇದು ಮುಖ್ಯವಾದುದು. ಸಿಲಿಕಾನ್ ಬಿಲ್ಲೆಗೆ ಬೆಳಕನ್ನು ಗ್ರಹಿಸುವ ಲೇಪ ಹಚ್ಚಿ, ವಿದ್ಯುನ್ಮಂಡಲದ ನಕ್ಷೆಯನ್ನು ಮಸೂರಗಳಿಂದ ಕುಗ್ಗಿಸಿ ಅದರ ಮೇಲೆ ಮೂಡಿಸುತ್ತಾರೆ. ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು ನ್ಯಾನೊಮೀಟರ್. 193 ನ್ಯಾನೊಮೀಟರ್ ತರಂಗಾಂತರದ ಬೆಳಕನ್ನು ಬಳಸಿ, ಮಸೂರಕ್ಕೂ ಬಿಲ್ಲೆಗೂ ನಡುವೆ ನೀರು ತುಂಬಿ, ಸುಮಾರು 40 ನ್ಯಾನೊಮೀಟರ್ ಅಗಲದ ಗೆರೆಗಳನ್ನು ಮೂಡಿಸಬಹುದು. ಇದಕ್ಕಾಗಿ ಕಿರಣಗಳು ಎರಡು ಪಕ್ಕಗಳಿಂದ ಬಹಳ ಓರೆಯಾಗಿ ಬಂದು ಕೂಡಬೇಕು. ಕಂಪನ ಗೆರೆಯ ಉದ್ದಕ್ಕಿದ್ದರೆ ಎರಡು ಕಿರಣಗಳ ಕಂಪನವೂ ಒಂದೇ ದಿಕ್ಕಿನದಾಗಿ, ಬೆಳಕು ಕತ್ತಲೆಗಳು ಸ್ಪಷ್ಟವಾಗಿ ಬೇರ್ಪಡುತ್ತವೆ. ಗೆರೆಗೆ ಅಡ್ಡಲಾಗಿದ್ದರೆ ಚಿತ್ರ ಮಸುಕಾಗುತ್ತದೆ. ಕಿರಣಗಳು ಲಂಬಕೋನದಲ್ಲಿ ಕೂಡಿದರಂತೂ ಗೆರೆಯೇ ಮೂಡದು.

ಆದುದರಿಂದ ಕಂಪನದ ದಿಕ್ಕನ್ನು ಮೊದಲೇ ನಿಗದಿಪಡಿಸಿ, ಮಸೂರಗಳಲ್ಲಿ ಅದು ಕೆಡದಂತೆ ಕಾಯಬೇಕು. ಗಾಜಿನೊಳಗೆ ಉಳಿದ ಒತ್ತಡವೂ ಅದನ್ನು ಕೆಡಿಸಬಲ್ಲುದು. ಇಂಥ ಒತ್ತಡವನ್ನು ಮನೆಯಲ್ಲಿಯೇ ಕಾಣಬಹುದು. ಎಲ್‌ಸಿಡಿ ಪರದೆಯ ಮುಂದೆ ಪೋಲರಾಯ್ಡ್ ಕನ್ನಡಕವನ್ನು ಪರದೆ ಕಪ್ಪಾಗಿ ತೋರುವವರೆಗೆ ತಿರುಗಿಸಿ, ನಡುವೆ ಪಾರದರ್ಶಕ ಪ್ಲಾಸ್ಟಿಕ್ ಅಳತೆಪಟ್ಟಿಯನ್ನು ಹಿಡಿಯಿರಿ. ಅಚ್ಚು ಹೊಯ್ದಾಗ ಉಳಿದ ಒತ್ತಡ ಬಣ್ಣಬಣ್ಣವಾಗಿ ತೋರುತ್ತದೆ.

ಈ ವಿದ್ಯೆ ನಮಗೆ ದೂರದ್ದೇನಲ್ಲ. ಹಿಂದೂಪುರಕ್ಕೆ ಸುಮಾರು 100 ಕಿ.ಮೀ. ದೂರದ ಬೆಂಗಳೂರಿನಲ್ಲಿ, ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಎಸ್. ಪಂಚರತ್ನಂ ಅವರು 1956ರಲ್ಲಿ, ತಮ್ಮ 22ನೆಯ ವಯಸ್ಸಿನಲ್ಲಿ, ಧ್ರುವೀಕೃತ ಕಿರಣಗಳು ಕೂಡುವ ಬಗೆಯನ್ನು ಕುರಿತು ಅಪೂರ್ವ ಪ್ರಬಂಧವನ್ನು ಪ್ರಕಟಿಸಿದರು. ಮುಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಬೋಧಿಸಿ, ಆಕ್ಸ್‌ಫರ್ಡಿಗೆ ತೆರಳಿ, 1969ರಲ್ಲಿ 35ರ ಹರೆಯದಲ್ಲಿಯೇ ತೀರಿಕೊಂಡರು. 1984ರಲ್ಲಿ ಮೈಕೆಲ್ ಬೆರ್ರಿ ಮಂಡಿಸಿದ ಪ್ರಸಿದ್ಧ ಸಿದ್ಧಾಂತದ ಪೂರ್ವರೂಪ ಆ ಪ್ರಬಂಧದಲ್ಲಿದೆಯೆಂದು ಬೆಂಗಳೂರಿನ ವಿಜ್ಞಾನಿಗಳು 1986ರಲ್ಲಿ ತೋರಿಸಿಕೊಟ್ಟ ಮೇಲೆಯೇ ಲೋಕ ಅದರತ್ತ ತಿರುಗಿ ನೋಡಿತು.

ನಮ್ಮ ಊರುಗಳ ಮಕ್ಕಳಲ್ಲಿ ಹೆಚ್ಚಿನವರು ವಿಜ್ಞಾನವನ್ನು ತೆಲುಗಿನಲ್ಲಿ ಇಲ್ಲವೆ ಇಂಗ್ಲಿಷಿನಲ್ಲಿ ಕಲಿಯುತ್ತಾರೆ. ಕಲಿಯಲಿ; ಅದರಲ್ಲಿ ಕೊರತೆಯೇನೂ ಇಲ್ಲ. ಆದರೆ ಅಳತೆಪಟ್ಟಿಯಲ್ಲಿ ಈ ಬಣ್ಣವೇಕೆಂದು ಮಗು ಕೇಳಿದಾಗ ಮನೆಮಾತಿನಲ್ಲಿ ಉತ್ತರ ದೊರೆಯದಿದ್ದರೆ, ಕನ್ನಡವು ಅಡುಗೆಮನೆಗೂ ಹಬ್ಬಹರಿದಿನಕ್ಕೂ ಮಾತ್ರ ಸಲ್ಲುವ ನುಡಿಯಾಗಿ ಉಳಿದೀತು. ಧ್ರುವೀಕರಣವೆಂಬ ಶಬ್ದಕ್ಕೂ ನಮ್ಮ ಮನೆಗಳಲ್ಲಿ ಒಂದಿಷ್ಟು ಎಡೆ ಕೊಡೋಣ.