ಗಡ್ಡೆಗೆ ಮುಂಚಿನ ಓದು

ಅರ್ಬುದರೋಗವನ್ನು ಅದು ತಲೆದೋರಿದ ಅಂಗದ ಹೆಸರಿನಿಂದ ಕರೆಯುವುದು ಬಹುಕಾಲದ ವಾಡಿಕೆಯಾದರೂ, ಒಂದೇ ಅಂಗದಲ್ಲಿ ಹುಟ್ಟಿದ ಎರಡು ಗಡ್ಡೆಗಳು ತಮ್ಮ ವಂಶವಾಹಿಗಳ ವಿಕಾರದಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದಂತಿರಬಹುದೆಂಬುದು ಈಗ ಸಂದೇಹಕ್ಕೆಡೆಯಿಲ್ಲದ ಸಂಗತಿ. ಆ ವಿಕಾರವನ್ನು ಓದಿ ಮದ್ದು ಹುಡುಕುವ ವಿದ್ಯೆಯ ಮೊದಲ ದೊಡ್ಡ ಗೆಲವು ದೊರೆತದ್ದು ರಕ್ತದ ಅರ್ಬುದದ ಒಂದು ಬಗೆಯಲ್ಲಿ. ಫಿಲಡೆಲ್ಫಿಯಾದ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ 1960ರಲ್ಲಿ ರೋಗಿಗಳ ರಕ್ತಕಣಗಳಲ್ಲಿ ಕಂಡ ಕುಗ್ಗಿದ ವರ್ಣತಂತುವು, 9ನೆಯ ಮತ್ತು 22ನೆಯ ವರ್ಣತಂತುಗಳು ತಮ್ಮ ತುಂಡುಗಳನ್ನು ಅದಲುಬದಲು ಮಾಡಿಕೊಂಡುದರ ಫಲವೆಂದು 1973ರಲ್ಲಿ ಷಿಕಾಗೋವಿನ ಜಾನೆಟ್ ರೌಲಿ ತೋರಿಸಿದರು. ಆ ಬೆಸುಗೆಯಿಂದ ಹುಟ್ಟಿ ಎಂದಿಗೂ ವಿರಮಿಸದ ಕಿಣ್ವವೊಂದನ್ನು ತಡೆಯುವ ಇಮ್ಯಾಟಿನಿಬ್ ಎಂಬ ಔಷಧಕ್ಕೆ 2001ರಲ್ಲಿ ಅಮೆರಿಕದಲ್ಲಿ ಮನ್ನಣೆ ದೊರೆತ ಮೇಲೆ, ಕೆಲವೇ ವರ್ಷಗಳಲ್ಲಿ ಪ್ರಾಣ ತೆಗೆಯುತ್ತಿದ್ದ ಕಾಯಿಲೆಯು ಬಹುಮಂದಿಗೆ ದಿನವೂ ಗುಳಿಗೆ ನುಂಗುತ್ತ ಬಾಳಬಹುದಾದ ಕಾಯಿಲೆಯಾಯಿತು.

ಇಂಥದೇ ಗುಳಿಗೆ ಎಲ್ಲ ಅರ್ಬುದಗಳಿಗೂ ಇಂದೋ ನಾಳೆಯೋ ಬಂದೀತೆಂದು ನೆಚ್ಚಿ ಕುಳಿತಿರುವವರು ಭಾರತೀಯ ಗಂಡಸರಲ್ಲಿ ಅತ್ಯಧಿಕವಾಗಿರುವ ಬಾಯಿಯ ಅರ್ಬುದವನ್ನು ತುಸು ಗಮನಿಸಬೇಕು. ಹೊಗೆಸೊಪ್ಪನ್ನು ದವಡೆಯಲ್ಲಿ ಒತ್ತರಿಸಿಕೊಳ್ಳುವ ಅಭ್ಯಾಸದಿಂದಾಗಿ ನಮ್ಮಲ್ಲಿ ಇದು ಕೆನ್ನೆಯ ಒಳಮೈಯಲ್ಲಿಯೂ ವಸಡಿನಲ್ಲಿಯೂ ಹೆಚ್ಚು. ಅನ್ಯರ ಗಡ್ಡೆಗಳನ್ನು ನೋಡಿ ಬರೆದ ನಕ್ಷೆ ಇದಕ್ಕೆ ಸಾಲದೆಂದೇ ಬಂಗಾಳದ ಕಲ್ಯಾಣಿಯ ಜೀನೋಮಿಕ್ಸ್ ಸಂಸ್ಥೆಯವರೂ ನವಿಮುಂಬಯಿಯ ಟಾಟಾ ಕೇಂದ್ರದವರೂ ಜೊತೆಗೂಡಿ 110 ರೋಗಿಗಳ ಗಡ್ಡೆಗಳನ್ನು ಪರಿಶೀಲಿಸಿ, 2013ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಟಿಪಿ53 ಮುಂತಾಗಿ ಹಿಂದೆಯೇ ಪರಿಚಿತವಾಗಿದ್ದ ವಂಶವಾಹಿಗಳ ಜೊತೆಗೆ ಹೊಸದಾಗಿ ಐದು ಅಲ್ಲಿ ಕಾಣಿಸಿಕೊಂಡವು.

ತೊಡಕಿರುವುದು ಇಲ್ಲಿಯೇ. ಟಿಪಿ53ರ ಸಹಜ ಕಾರ್ಯವೆಂದರೆ ಕೆಟ್ಟ ಜೀವಕೋಶವು ಇಬ್ಭಾಗವಾಗದಂತೆ ತಡೆಯುವುದು. ಅದೇ ಕೆಟ್ಟಾಗ ತಡೆಯುವವರೇ ಇಲ್ಲದಂತಾಗುತ್ತದೆ. ಮಿತಿಮೀರಿ ದುಡಿಯುವ ಕಿಣ್ವವನ್ನು ಅಡಗಿಸುವ ರಾಸಾಯನಿಕವನ್ನು ಹುಡುಕುವುದು ಸಾಧ್ಯ. ನಷ್ಟವಾದ ಶಕ್ತಿಯನ್ನು ಮರಳಿ ತಂದಿರಿಸುವುದು ಅದಕ್ಕಿಂತ ಎಷ್ಟೋ ಕಠಿಣ.

ಹಾಗಾದರೆ, ಕಾರಣ ಗೊತ್ತಿರುವ ರೋಗಕ್ಕೆ ಈ ವೆಚ್ಚದ ಸಂಶೋಧನೆಯೇಕೆ, ಹೊಗೆಸೊಪ್ಪನ್ನು ನಿಷೇಧಿಸಿದರೆ ಸಾಲದೆ, ಎನ್ನುವವರುಂಟು. ಹೊಗೆಸೊಪ್ಪಿಲ್ಲದ ಅಡಕೆಯೂ ಅರ್ಬುದಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನಾ ವಿಭಾಗವು 2004ರಲ್ಲಿಯೇ ಸಾರಿತು. ಅಡಕೆಯ ತೋಟಗಳಿಂದಲೇ ಬದುಕುವ ಸೀಮೆಗಳಿರುವ ನಮ್ಮ ನಾಡಿನಲ್ಲಿ ಆ ಮಾತನ್ನು ಗಟ್ಟಿಯಾಗಿ ಆಡುವವರು ವಿರಳವೆಂಬುದನ್ನು ಬಲ್ಲವರು ನಿಷೇಧವೊಂದನ್ನೇ ನಂಬಿ ಕೂರಲಾರರು.

ನನ್ನ ಅಭಿಪ್ರಾಯದಲ್ಲಿ ಸಂಶೋಧನೆಯು ಗಡ್ಡೆಗಿಂತ ಮುಂಚಿನ ಹಂತಕ್ಕೆ ಹೆಚ್ಚಾಗಿ ತಿರುಗಬೇಕು. ಅಗಿಯುವವರ ಕೆನ್ನೆಯಲ್ಲಿ ಮೊದಲು ಕಾಣುವ ಬಿಳಿಯ ಕಲೆಗಳಲ್ಲಿ ಬಹುಪಾಲು ಅರ್ಬುದವಾಗುವುದಿಲ್ಲ, ಕೆಲವು ಆಗುತ್ತವೆ. ಯಾವುವೆಂಬುದನ್ನು ಬರಿಗಣ್ಣು ಖಚಿತವಾಗಿ ಹೇಳಲಾರದು. ತರಬೇತಾದ ಆರೋಗ್ಯ ಕಾರ್ಯಕರ್ತರು ಬಾಯಿ ತೆರೆಯಿಸಿ ನೋಡಿದಷ್ಟರಿಂದಲೇ ಹೊಗೆಸೊಪ್ಪು, ಮದ್ಯಗಳ ಅಭ್ಯಾಸವುಳ್ಳವರಲ್ಲಿ ಸಾವು ಕಡಿಮೆಯಾಯಿತೆಂಬುದನ್ನು ತಿರುವನಂತಪುರ ಜಿಲ್ಲೆಯ ಪ್ರಯೋಗವು 2005ರಲ್ಲಿ ತೋರಿಸಿದೆ. ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಅಂಥ ಪರೀಕ್ಷೆ ನಿಯಮದಂತೆ ನಡೆದು, ಅಲ್ಲಿ ಸಿಕ್ಕಿದ ಕಲೆಗಳ ತುಣುಕುಗಳು, ಕೊಟ್ಟವರ ಸಮ್ಮತಿಯೊಡನೆ, ವಂಶವಾಹಿಗಳನ್ನು ಓದುವ ಪ್ರಯೋಗಶಾಲೆಗಳಿಗೆ ತಲಪುವಂತಾದರೆ, ಯಾರ ಕಲೆಯನ್ನು ಕೂಡಲೆ ಕತ್ತರಿಸಬೇಕು, ಯಾರನ್ನು ಆರು ತಿಂಗಳ ಮೇಲೆ ಬರಹೇಳಿದರೆ ಸಾಕು ಎಂಬುದನ್ನು ವೈದ್ಯರು ಊಹೆಯಿಂದಲ್ಲದೆ ಆಧಾರದಿಂದ ನಿರ್ಣಯಿಸುವ ದಿನ ಹತ್ತಿರವಾದೀತು. ಇದಕ್ಕೆ ಬೇಕಾದ ಹಣವನ್ನು ಸರ್ಕಾರ ಗುಟ್ಕಾ, ಹೊಗೆಸೊಪ್ಪುಗಳ ತೆರಿಗೆಯಿಂದಲೇ ತೆಗೆದಿರಿಸಬಹುದು.