ಕಾರಂಜಿ ಕೊಳದ ಧ್ರುವದ ಹಕ್ಕಿ

2024ರ ಮಾರ್ಚ್‌ನಲ್ಲಿ ಲಾಸ್ ವೇಗಾಸ್‌ನ ಬೆಲ್ಲಾಜಿಯೊ ಹೋಟೆಲ್ ತನ್ನ ಹೆಸರಾಂತ ಕಾರಂಜಿಯ ಕುಣಿತವನ್ನೇ ನಿಲ್ಲಿಸಿತು. ಕಾರಣ, ಒಂದು ಹಕ್ಕಿ! ಅಲಾಸ್ಕಾ, ಕೆನಡಾ, ರಷ್ಯಾಗಳ ಉತ್ತರದಂಚಿನ ಶೀತಲ ಕೆರೆಗಳಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ಕಡಲು ಸೇರುವ ಹಳದಿ ಕೊಕ್ಕಿನ ಲೂನ್ ದಾರಿ ತಪ್ಪಿ ಮರುಭೂಮಿಯ ಊರಿನ ಆ ಕೊಳಕ್ಕಿಳಿದಿತ್ತು. ಲೂನ್‌ಗಳಲ್ಲೆಲ್ಲ ದೊಡ್ಡದು ಇದೇ. ಐದಾರು ಕಿಲೋ ತೂಗುತ್ತದೆ. ಕಾಲುಗಳು ದೇಹದ ತೀರಾ ಹಿಂಭಾಗದಲ್ಲಿರುವುದರಿಂದ ಮುಳುಗಿ ಮೀನು ಹಿಡಿಯುವುದರಲ್ಲಿ ನಿಸ್ಸೀಮ. ನೆಲಕ್ಕೆ ಬಂದರೆ ಮಾತ್ರ ತೆವಳುವ ಪಾಡು. ರೆಕ್ಕೆ ಬಡಿದು ಮೇಲೇಳಬೇಕೆಂದರೂ ನೀರಿನ ಮೇಲೆ ಬಲು ದೂರ ಓಡಬೇಕು. ಪ್ರವಾಸಿಗರ ನಿರಾಸೆಗಿಂತ ಒಂದು ಹಕ್ಕಿಯ ಜೀವ ದೊಡ್ಡದೆಂದು ಬಗೆದದ್ದು ನಿಜಕ್ಕೂ ಮೆಚ್ಚಬೇಕಾದ ನಡೆ. ನೆವಾಡಾದ ವನ್ಯಜೀವಿ ಇಲಾಖೆಯವರು ಅದನ್ನು ಹಿಡಿದು, ಗದ್ದಲವಿಲ್ಲದ, ಆಹಾರವೂ ಜಾಗವೂ ಧಾರಾಳವಾಗಿರುವ ಕಡೆ ಬಿಟ್ಟುಬಂದರು.